ಒಲೆಯ ಮೇಲಿನ ಬಿಳಿ ಕಲ್ಲು

ಪರ್ಗಾಸ್‌ನಲ್ಲಿ ಯಾರಿಗಾದರೂ ಬುದ್ಧಿ ಕಡಿಮೆ ಎಂದು ಹೇಳಬೇಕಾದರೆ, ‘ಊರ ಕಲ್ಲನ್ನೇ ಸೌನಾ ಒಲೆಗೆ ಹಾಕೋ ಗಿರಾಕಿ’ ಎನ್ನುತ್ತಾರೆ. ಸೌನಾ ಎಂದರೆ ಒಲೆಯ ಮೇಲೆ ಕಾದ ಕಲ್ಲುಗಳಿಗೆ ನೀರು ಹಾಕಿ, ಏಳುವ ಹಬೆಯಲ್ಲಿ ಕೂತು ಮೀಯುವ ಮರದ ಕೋಣೆ. ನಮ್ಮದು ಉತ್ತರದ ಚಳಿಸೀಮೆಯ ದ್ವೀಪ, ಸುಣ್ಣದ ಕಲ್ಲಿನ ಊರು. ಆ ಕಲ್ಲು ಒಲೆಯಲ್ಲಿ ಕಾದು ಕಾದು ಸುಟ್ಟ ಸುಣ್ಣವಾಗುತ್ತದೆ. ಅದರ ಮೇಲೆ ಒಂದು ಸೌಟು ನೀರು ಬಿದ್ದರೆ ಕೊತಕೊತ ಕುದಿದು ಮುಖಕ್ಕೆ ಸಿಡಿಯುತ್ತದೆ. ಅದಕ್ಕೇ ಇಲ್ಲಿಯವರು ಹೊರದ್ವೀಪಗಳಿಗೆ ದೋಣಿಯಲ್ಲಿ ಹೋಗಿ ಕರಿಕಲ್ಲು ತರುತ್ತಾರೆ.

ಆ ಬೇಸಿಗೆಯಲ್ಲಿ, ಇದೆಲ್ಲ ಗೊತ್ತಿದ್ದೂ, ಊರ ಕಲ್ಲನ್ನೇ ಒಲೆಗೆ ಹಾಕುತ್ತೇನೆಂದು ಅಂಗಳದವರೆಲ್ಲರ ಎದುರು ನಾನು ಹೇಳಿಬಿಟ್ಟೆ.

ನಮ್ಮ ಅಂಗಳದ ಮನೆಗಳಿಗೆಲ್ಲ ಒಂದೇ ಸೌನಾ. ಅದರ ಬೀಗದ ಕೈ ಒಲೆಯ ಯಜಮಾನನ ಹತ್ತಿರ ಇರುತ್ತದೆ. ವರ್ಷಕ್ಕೊಮ್ಮೆ ಒಲೆಯ ಕಲ್ಲುಗಳನ್ನು ಇಳಿಸಿ, ಬಿರುಕು ಬಿಟ್ಟಿದ್ದನ್ನು ಎಸೆದು ಹೊಸದನ್ನು ಜೋಡಿಸುವವನು ಅವನೇ, ಶನಿವಾರ ಯಾರು ಮೊದಲು ಒಳಗೆ ಹೋಗಬೇಕೆಂದು ತೀರ್ಮಾನಿಸುವವನೂ ಅವನೇ. ಯಜಮಾನರು ಯಾವಾಗಲೂ ಗಂಡಸರಾದ್ದರಿಂದ ಮೊದಲು ಗಂಡಸರು, ಆಮೇಲೆ ನಾವು ಹೆಂಗಸರು. ನಾವು ಬಾಗಿಲ ಹೊರಗೆ ನಿಂತು “ಕಾವು ಉಳಿದಿದೆಯಾ?” ಎಂದು ಕೂಗುತ್ತಿದ್ದೆವು. “ಬೇಕಾದಷ್ಟು!” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಹೋಗಿ ನೋಡಿದರೆ ಕಲ್ಲುಗಳು ಉಗುರುಬೆಚ್ಚಗೆ ಕೂತಿರುತ್ತಿದ್ದವು, ಅವರು ಮೈಗೆ ಬಡಿದುಕೊಂಡ ಬರ್ಚ್ ಮರದ ಸೊಪ್ಪು ನೆಲದ ತುಂಬ ಅಂಟಿರುತ್ತಿತ್ತು.

ನನಗಾದರೆ ವಾರವಿಡೀ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದ ಭುಜನೋವು ಅಷ್ಟೇ. ಪಕ್ಕದ ಮನೆಯ ತೆಕ್ಲಾ ಅತ್ತೆಯ ಸಂಕಟ ಬೇರೆ. ಅವರ ಬೆರಳುಗಳು ಚಳಿಗಾಲದಲ್ಲಷ್ಟೇ ಅಲ್ಲ, ಬೇಸಿಗೆಯಲ್ಲೂ ಕೊಕ್ಕೆಗಳ ಹಾಗೆ ಮಡಚಿಕೊಳ್ಳುತ್ತಿದ್ದವು. ಚೆನ್ನಾಗಿ ಕಾದ ಸೌನಾದಲ್ಲಿ ಕೂತು ಬಂದರೆ ಮಾತ್ರ ಕಾಫಿ ಕಪ್ಪನ್ನು ಸ್ವತಃ ಹಿಡಿಯಬಲ್ಲರು. ತಣ್ಣನೆಯ ಸರದಿಯಿಂದ ಅದು ಆಗುತ್ತಿರಲಿಲ್ಲ. ಈ ಮಾತನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ಕಪ್ಪನ್ನು ಎರಡು ಮಣಿಕಟ್ಟಿನ ನಡುವೆ ಹಿಡಿದು, “ಇದು ಹೊಸ ಫ್ಯಾಷನ್ನು, ನಿಮಗೇನು ಗೊತ್ತು” ಎನ್ನುತ್ತಿದ್ದರು.

ಯಜಮಾನರಾಗಿದ್ದ ಅಲ್ಫೋನ್ಸ್ ಮಾವನಿಗೆ ಆ ವಸಂತದಲ್ಲಿ ಮಂಡಿ ಕೈಕೊಟ್ಟಿತು. ಬೇಸಿಗೆ ಶುರುವಾಗುತ್ತಲೇ ಸೌನಾದ ಜಗುಲಿಯಲ್ಲಿ ಎಲ್ಲರನ್ನೂ ಕಾಫಿಗೆ ಕರೆದು, ನಡುಬೇಸಿಗೆ ಹಬ್ಬದ ದಿನ ಬೀಗದ ಕೈ ಬೇರೆಯವರಿಗೆ ಕೊಡುವುದಾಗಿ ಹೇಳಿದರು.

“ಬೇರೆಯವರು ಯಾರಿದ್ದಾರೆ? ನಾನೇ,” ಎಂದ ರುನಾರ್. ಕಲ್ಲುಗಣಿಯಲ್ಲಿ ಸಿಡಿಮದ್ದು ಇಡುವ ಕೆಲಸ ಮಾಡಿ ಆಗಷ್ಟೇ ನಿವೃತ್ತನಾಗಿದ್ದ. ಊರಿನ ಅರ್ಧ ಗುಡ್ಡವನ್ನು ತಾನೇ ಹಾರಿಸಿದ್ದೆಂದು ಅವನ ಲೆಕ್ಕ.

“ನಾನೂ ನಿಲ್ತೀನಿ,” ಅಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ, ಯಾರು ಆಡಿದ್ದೆಂದು ಹಿಂದೆ ತಿರುಗಿ ನೋಡಬೇಕೆನಿಸಿತು.

“ಗುನ್ನೆವಿ, ನಿನ್ನ ಹತ್ತಿರ ದೋಣಿ ಇಲ್ಲ. ಕಲ್ಲು ಎಲ್ಲಿಂದ ತರ್ತೀಯಮ್ಮ? ಇಸ್ತ್ರಿಪೆಟ್ಟಿಗೆ ಇಡ್ತೀಯಾ ಒಲೆ ಮೇಲೆ?” ಎಂದ ರುನಾರ್.

“ಕಲ್ಲುಗಣಿಯಿಂದ ತರ್ತೀನಿ.”

ಜಗುಲಿಯಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಕಿವಿ ಮಂದವಾಗಿದ್ದ ಅಲ್ಫೋನ್ಸ್ ಮಾವ ಎರಡನೇ ಸಲ ಕೇಳಿಸಿಕೊಂಡು, ಎಲ್ಲರೂ ಮುಗಿಸಿದ ಮೇಲೆ ಒಬ್ಬರೇ ನಕ್ಕರು.

ಆದರೆ ನನ್ನ ಮಾತಿಗೆ ಆಧಾರವಿತ್ತು. ಹಿಂದಿನ ಚಳಿಗಾಲ ಪೂರ್ತಿ ನಾನು ಸಂಜೆ ತರಗತಿಗೆ ಹೋಗಿದ್ದೆ. ಹೊಲಿಗೆ ತರಗತಿ ತುಂಬಿಹೋಗಿತ್ತು, ಕಲ್ಲುಗಳ ತರಗತಿಯಲ್ಲಿ ಜಾಗವಿತ್ತು, ಅದಕ್ಕೆ ಸೇರಿದೆ. ಪಾಠ ನಡೆಯುತ್ತಿದ್ದುದು ಶಾಲೆಯ ಅಡುಗೆ ಕೋಣೆಯಲ್ಲಿ. ಸಾಗಾ ಓಮನ್ ಎಂಬ ಟೀಚರ್, ನನಗಿಂತ ಚಿಕ್ಕವರು, ಬನ್ನು ಬೇಯಿಸುವ ತಟ್ಟೆಯ ಮೇಲೆ ಕಲ್ಲುಗಳನ್ನು ಸಾಲಾಗಿಟ್ಟು ಪ್ರತಿಯೊಂದಕ್ಕೂ ಅದೇ ಪ್ರಶ್ನೆ ಕೇಳುತ್ತಿದ್ದರು: “ಮೊದಲು ಏನಿತ್ತು? ಆಮೇಲೆ ಏನು ಬಂತು? ಏನು ಹೊರಟುಹೋಯ್ತು?”

ಮೊದಲಿದ್ದದ್ದು ಸಮುದ್ರ. ಅದರ ತಳದಲ್ಲಿ ಸುಣ್ಣದ ಕೆಸರು, ಅಲ್ಲಲ್ಲಿ ಮರಳು, ಅಲ್ಲಲ್ಲಿ ಜೇಡಿ. ಆ ಪದರಗಳೆಲ್ಲ ನೆಲದೊಳಗೆ ಆಳಕ್ಕಿಳಿದವು. ಪಕ್ಕದಲ್ಲಿ ಕರಗಿದ ಗ್ರಾನೈಟ್ ನುಗ್ಗಿ ಬಂತು. ಆ ಕಾವಿನಲ್ಲಿ ಸುಣ್ಣ ಮತ್ತು ಮರಳು ಅಕ್ಕಪಕ್ಕ ಸುಮ್ಮನೆ ಕೂರಲಾರವು. ಸುಣ್ಣ ತನ್ನೊಳಗಿನ ಗ್ಯಾಸನ್ನು ಬಿಟ್ಟುಕೊಟ್ಟು ಮರಳಿನ ಜೊತೆ ಸೇರಿಕೊಳ್ಳುತ್ತದೆ. ಆಗ ಹುಟ್ಟುವುದು ರೇಷ್ಮೆ ನೂಲಿನ ಹಾಗೆ ಹೊಳೆಯುವ, ಸೂಜಿ ಸೂಜಿಯಾದ ಬಿಳಿ ಖನಿಜ. ಹೆಸರು ವೊಲಾಸ್ಟೊನೈಟ್. ಕೆಸರಿನಲ್ಲಿ ಮೆಗ್ನೀಷಿಯಂ ಇದ್ದ ಕಡೆ ಹಸಿರು ಹರಳುಗಳು, ಜೇಡಿ ಬೆರೆತ ಕಡೆ ಕಂದು ಗಾರ್ನೆಟ್. ನಮ್ಮೂರಿನ ಹೆಸರನ್ನೇ ಇಟ್ಟುಕೊಂಡ ಕಡುಹಸಿರು ಹರಳೂ ಒಂದಿದೆ. “ಒಲೆ ಒಂದೇ. ಯಾವ ಪಾತ್ರೆಗೆ ಏನು ಸಾಮಾನು ಬಿತ್ತು ಅನ್ನೋದರ ಮೇಲೆ ತಿಂಡಿ,” ಎನ್ನುತ್ತಿದ್ದರು ಟೀಚರ್.

ನನಗೆ ಆ ‘ಹೊರಟುಹೋಯ್ತು’ ಎನ್ನುವ ಮಾತು ತಲೆಯಲ್ಲಿ ಉಳಿಯಿತು. ಸುಣ್ಣದ ಕಲ್ಲು ಒಲೆಯಲ್ಲಿ ಕೆಡುವುದು ಅದರೊಳಗಿನ ಗ್ಯಾಸು ಹೋಗುವುದರಿಂದ. ಗ್ಯಾಸು ಎಂದೋ ಹೋಗಿ, ಸುಣ್ಣ ಮರಳಿನ ಜೊತೆ ಸಂಸಾರ ಹೂಡಿ ಆಗಿದ್ದರೆ, ನಮ್ಮ ಬಡಪಾಯಿ ಸೌನಾ ಒಲೆ ಅದನ್ನು ಏನು ಮಾಡೀತು?

“ಆದರೆ ಮರಳು ಸಾಲದೆ ಹೋದ ಕಡೆ ಸುಣ್ಣ ಹಾಗೇ ಉಳಿದಿರುತ್ತೆ,” ಎಂದು ಟೀಚರ್ ಎಚ್ಚರಿಸಿದ್ದರು. “ಮಳೆ ಹೊರಗಿನ ಸುಣ್ಣವನ್ನು ತಿಂದುಹಾಕಿ ಸೂಜಿಗಳನ್ನ ಮಾತ್ರ ಬಿಡುತ್ತೆ. ಹೊರಮೈ ನೋಡಿ ಮೋಸ ಹೋಗಬೇಡಿ. ಒಡೆದು, ಹೊಸ ಮುಖಕ್ಕೆ ವಿನಿಗರ್ ಹಾಕಿ. ನೊರೆ ಬಂದರೆ ಸುಣ್ಣ.”

ಗಣಿಯ ಕಾವಲುಗಾರನ ಅನುಮತಿ ಕೇಳಿದೆ. ಅವನು ಹೂಂ ಅಂದ. ಸರಿಯಾಗಿ ಕೇಳಿಸಿಕೊಂಡಿದ್ದಾನೋ ಇಲ್ಲವೋ ಎಂದು ಮತ್ತೊಮ್ಮೆ ಕೇಳಿದೆ. ಎಸೆದ ಕಲ್ಲಿನ ರಾಶಿಯಲ್ಲಿ, ಗ್ರಾನೈಟಿಗೆ ಅಂಟಿಕೊಂಡಿದ್ದ ಬಿಳಿಯ ಪಟ್ಟಿಯ ತುಂಡೊಂದನ್ನು ಹುಡುಕಿ ಒಡೆದೆ. ಒಳಗೆ ಸೂಜಿಗಳು ಮಿನುಗಿದವು. ಹೆರಿಂಗ್ ಮೀನು ನೆನೆಹಾಕುವ ಕಟುವಾದ ವಿನಿಗರನ್ನು ಸುತ್ತಲೂ ಹನಿಸಿದೆ. ನೊರೆ ಬರಲಿಲ್ಲ. ಮನೆಗೆ ತಂದು ಮರುದಿನ ಮತ್ತೆ ಹನಿಸಿದೆ. ಆಗಲೂ ಬರಲಿಲ್ಲ.

ನಮ್ಮ ಅಂಗಳದಲ್ಲಿ ಒಂದು ಪದ್ಧತಿ. ಯಜಮಾನಿಕೆಗೆ ನಿಂತವರು ತಮ್ಮ ಕಲ್ಲನ್ನು ಹಬ್ಬಕ್ಕೆ ಮುಂಚೆ ಸೌನಾದ ಜಗುಲಿಯ ಹಲಗೆಯ ಮೇಲೆ ಇಡಬೇಕು. ಯಾರು ಬೇಕಾದರೂ ಎತ್ತಿ ನೋಡಬಹುದು, ತಟ್ಟಬಹುದು, ಮೂಸಬಹುದು. ಹಬ್ಬದ ದಿನ ಎರಡನ್ನೂ ಒಲೆಯ ನೆತ್ತಿಗೆ ಏರಿಸಿ ಬೆಳಗಿನಿಂದ ಕಾಯಿಸುತ್ತಾರೆ. ಆಮೇಲೆ ಎಲ್ಲರೆದುರು ಅವರವರೇ ತಮ್ಮ ಕಲ್ಲಿಗೆ ನೀರು ಹಾಕಬೇಕು. ಒಡೆಯದೆ, ಸಿಡಿಯದೆ ನಿಂತ ಕಲ್ಲಿನವರು ಗೆದ್ದ ಹಾಗೆ, ಎರಡೂ ನಿಂತರೆ ಹಳೆಯ ಯಜಮಾನನದೇ ತೀರ್ಮಾನ. ನಾನು ಅಡುಗೆಮನೆಯ ಸ್ಟೂಲಿಗೆ ಬಳಿದು ಉಳಿದಿದ್ದ ನೀಲಿ ಬಣ್ಣದಲ್ಲಿ ನನ್ನ ಕಲ್ಲಿಗೊಂದು ಬೊಟ್ಟು ಇಟ್ಟೆ. ರುನಾರ್ ತನ್ನ ಕರಿಕಲ್ಲಿಗೆ ಗುರುತೇ ಹಾಕಲಿಲ್ಲ.

“ನನ್ನ ಕಲ್ಲಿಗೆ ನಾನು ಯಾರು ಅಂತ ಗೊತ್ತು,” ಎಂದ.

ಹಬ್ಬಕ್ಕೆ ಎರಡು ದಿನ ಇರುವಾಗ ನನಗೆ ತಡೆಯಲಾಗಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಎಪ್ರನ್ ಜೇಬಿನಿಂದ ಪುಟ್ಟ ಸೀಸೆ ತೆಗೆದು ಕಲ್ಲಿನ ಮೇಲೆ ಒಂದು ಹನಿ ವಿನಿಗರ್ ಬಿಟ್ಟೆ.

ಬುಸ್ಸೆಂದು ನೊರೆ ಬಂತು.

ಕಳ್ಳಿಯ ಹಾಗೆ ಅತ್ತಿತ್ತ ನೋಡಿ ಎಪ್ರನ್ ಅಂಚಿನಿಂದ ಒರೆಸಿದೆ. ಎಷ್ಟೋ ಕೈಗಳು ಮುಟ್ಟಿ ಕಲ್ಲು ಮಾಸಿತ್ತು, ಸೂಜಿಗಳು ಕಾಣುತ್ತಿರಲಿಲ್ಲ. ಮೊದಲ ದಿನ ಕಂಡಿದ್ದಾದರೂ ನಿಜವೇ? ಸೂಜಿ ಬೇಕೆಂಬ ಆಸೆಗೆ ಸೂಜಿ ಕಂಡಿರಬಹುದು. ಅಂದಿನ ವಿನಿಗರ್ ಹಳೆಯದಿದ್ದಿರಬಹುದು. ಒಂದು ಚಳಿಗಾಲದ ಸಂಜೆ ತರಗತಿ ನಂಬಿಕೊಂಡು ನಾನು ಎಲ್ಲರ ಕಣ್ಣಿಗೆ ಸುಣ್ಣ ಸಿಡಿಸಲು ಹೊರಟಿದ್ದೆ! ನೇರವಾಗಿ ಅಲ್ಫೋನ್ಸ್ ಮಾವನ ಮನೆಗೆ ಹೋಗಿ, ನಾನು ಹಿಂದೆ ಸರಿಯುತ್ತೇನೆಂದು ಹೇಳಲು ಬಾಗಿಲು ತಟ್ಟಿದೆ. ಮಾವ ಗೊರಕೆ ಹೊಡೆಯುತ್ತಿದ್ದರು. ಗಟ್ಟಿಯಾಗಿ ತಟ್ಟುವುದು ಮರ್ಯಾದೆಯಲ್ಲ ಎನಿಸಿತು. ಸೈಕಲ್ ಹತ್ತಿ ಟೀಚರ್ ಮನೆಗೆ ಹೋದೆ.

ಅವರು ಆಲೂಗಡ್ಡೆ ಪಾತಿಯಲ್ಲಿ ಕಳೆ ಕೀಳುತ್ತಿದ್ದರು.

“ಟೀಚರ್, ಒಂದ್ಸಲ ಗ್ಯಾಸ್ ಬಿಟ್ಟ ಕಲ್ಲು ಮತ್ತೆ ಅದನ್ನ ವಾಪಸ್ ತಗೊಳ್ಳುತ್ತಾ? ಮಳೆ ಗಿಳೆ ಬಿದ್ರೆ?”

“ತಗೊಳ್ಳಬಹುದು. ನೀವು ಎಷ್ಟು ಕಾಯ್ತೀರಿ?”

“ಹೋದ ವಾರದಿಂದ ಈ ವಾರದ ತನಕ.”

ಟೀಚರ್ ಮಣ್ಣುಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. “ಈ ದ್ವೀಪ ಸವೆದು ಹೋಗೋವರೆಗೆ ಕಾಯೋ ಹಾಗಿದ್ರೆ ನೋಡೋಣ. ಬೆಂದ ಬನ್ನು ಒಂದು ವಾರ ಮೇಜಿನ ಮೇಲೆ ಕೂತು ವಾಪಸ್ ಹಿಟ್ಟಾಗುತ್ತಾ, ಗುನ್ನೆವಿ?”

“ಹಾಗಾದ್ರೆ ನಾನೇ ಮೊದಲು ತಪ್ಪು ನೋಡಿದ್ದು.”

“ಒಡೆದು ನೋಡಿದ್ರಾ?”

“ನೋಡಿದೆ.”

“ಸುತ್ತ ವಿನಿಗರ್ ಹಾಕಿದ್ರಾ?”

“ಹಾಕಿದೆ. ಮರುದಿನಾನೂ ಹಾಕಿದೆ.”

“ನನ್ನ ಇಡೀ ತರಗತಿಯಲ್ಲಿ ಎರಡೆರಡು ಸಲ ನೋಡ್ತಿದ್ದವರು ನೀವೊಬ್ಬರೇ. ಈಗ ನಿಮ್ಮ ಕಣ್ಣನ್ನ ಬಿಟ್ಟು ಬೇರೆ ಯಾರ ಮೇಲಾದ್ರೂ ಅನುಮಾನ ಪಡಿ. ಜಗುಲಿ ಮೇಲಿರೋದು ನಿಮ್ಮ ಕಲ್ಲೇ ಅಲ್ಲ.”

ನಿಜ ಹೇಳಬೇಕೆಂದರೆ ನನಗೆ ಆ ಯೋಚನೆಯೇ ಬಂದಿರಲಿಲ್ಲ. ವಾಪಸ್ ಬಂದು ನೀಲಿ ಬೊಟ್ಟನ್ನು ಮೂಸಿದೆ. ನನ್ನ ಸ್ಟೂಲಿನ ಬಣ್ಣ ಹಾಲು ಬೆರೆಸಿದಂಥ ನೀಲಿ. ಇದು ಪಳಪಳ ಹೊಳೆಯುತ್ತಿತ್ತು, ಬೆರಳಿಗೆ ಇನ್ನೂ ಸ್ವಲ್ಪ ಅಂಟುತ್ತಿತ್ತು. ದೋಣಿಗೆ ಬಳಿಯುವ ಬಣ್ಣ. ದಡದಲ್ಲಿ ಹೊಸದಾಗಿ ನೀಲಿ ಬಳಿದು ಒಣಗಲು ಬಿಟ್ಟಿದ್ದ ದೋಣಿ ಒಂದೇ ಒಂದು. ಅದು ರುನಾರ್‌ನದು.

ತೆಕ್ಲಾ ಅತ್ತೆಗೆ ಹೇಳಿದೆ. ಅವರ ಮುಖ ಹೂವು ಸುತ್ತಿದ ಹಬ್ಬದ ಕಂಬದ ಹಾಗೆ ಅರಳಿತು.

“ಇಷ್ಟು ದಿನ ನನ್ನ ಬೆರಳು ನೋಯ್ತಿತ್ತು. ಈಗ ತುರಿಸ್ತಿದೆ ಕಣೇ.”

“ಅಲ್ಫೋನ್ಸ್ ಮಾವನಿಗೆ ಹೇಳಿಬಿಡೋಣ ಅತ್ತೆ.”

“ಹೇಳಿದ್ರೆ? ನೀನೇ ಕೆಟ್ಟ ಕಲ್ಲು ತಂದು ಈಗ ನೆಪ ಹೇಳ್ತಿದ್ದೀಯ ಅಂತಾನೆ ರುನಾರ್. ಬೇಡ. ಅವನು ಏರಿಸಿದ ಪಾತ್ರೆಯಲ್ಲಿ ಅವನೇ ಬೇಯಲಿ. ನಿನ್ನ ಕಲ್ಲು ಎಲ್ಲಿಟ್ಟಿದ್ದಾನೆ ಮೊದಲು ಹುಡುಕೋಣ. ರುನಾರ್ ಜನ್ಮದಲ್ಲಿ ಏನನ್ನೂ ಎಸೆದವನಲ್ಲ.”

ಹಬ್ಬದ ಮುನ್ನಾದಿನ ಗಂಡಸರೆಲ್ಲ ಕಂಬಕ್ಕೆ ಹೂವು ಎಲೆ ಸುತ್ತಲು ಬಯಲಿಗೆ ಹೋದರು. ನಾವಿಬ್ಬರು ಕೈಗಾಡಿ ತಳ್ಳಿಕೊಂಡು ರುನಾರ್‌ನ ದೋಣಿ ಕೊಟ್ಟಿಗೆಗೆ ಹೋದೆವು. ನನ್ನ ಕಲ್ಲು ಅಲ್ಲೇ ಇತ್ತು. ಕೊಟ್ಟಿಗೆಯ ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ, ಬೊಟ್ಟನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕಾವಲು ಕೂತಿತ್ತು! ಜಗುಲಿಯಿಂದ ತಂದಿದ್ದ ಅವನ ಸುಣ್ಣದ ಕಲ್ಲನ್ನು ಗಾಡಿಯಿಂದ ಇಳಿಸಿ ಅದೇ ಜಾಗದಲ್ಲಿ ಇಟ್ಟೆವು. ಅದರ ಬೊಟ್ಟನ್ನೂ ಗೋಡೆಗೆ ತಿರುಗಿಸಿದೆವು. ನನ್ನದನ್ನು ಗಾಡಿಯಲ್ಲಿಟ್ಟು ಮೇಲೆ ಬರ್ಚ್ ಕೊಂಬೆಗಳನ್ನು ಹೊದಿಸಿದೆವು. ಆ ದಿನ ಊರಿನಲ್ಲಿ ಎಲ್ಲರೂ ಬರ್ಚ್ ಕೊಂಬೆಗಳನ್ನೇ ಹೊತ್ತು ಓಡಾಡುತ್ತಿದ್ದುದರಿಂದ ಯಾರೂ ನಮ್ಮನ್ನು ತಿರುಗಿ ನೋಡಲಿಲ್ಲ.

ಜಗುಲಿಯಲ್ಲಿ ಇಟ್ಟ ಮೇಲೆ ವಿನಿಗರ್ ಹಾಕಿದೆ. ನೊರೆ ಇಲ್ಲ. ಇನ್ನೊಂದು ಹನಿ ಹಾಕಲು ಸೀಸೆ ಬಗ್ಗಿಸಿದೆ. ತೆಕ್ಲಾ ಅತ್ತೆ ತಮ್ಮ ಕೊಕ್ಕೆ ಬೆರಳುಗಳಿಂದ ನನ್ನ ಮಣಿಕಟ್ಟು ಹಿಡಿದರು.

“ಒಂದು ಸಾಕು.”

“ಒಂದೇ ಒಂದು ಸಲ, ಅತ್ತೆ.”

“ಸಾಕು ಅಂದ್ನಲ್ಲ. ಕಲ್ಲೇನು ಹೆರಿಂಗ್ ಮೀನಾ, ನೆನೆಹಾಕೋಕೆ?”

ಸಂಜೆ ಬಯಲಿನಿಂದ ಬಂದ ರುನಾರ್ ಜಗುಲಿಯ ಹತ್ತಿರ ನಿಂತು ನನ್ನ ಕಲ್ಲಿನ ಬೆನ್ನು ತಟ್ಟಿದ. “ಚಂದದ ಕಲ್ಲು. ಪಾಪ,” ಎಂದ. ಊರಿನ ಅರ್ಧ ಗುಡ್ಡ ಹಾರಿಸಿದವನಿಗೆ ಅದು ತಾನಿಟ್ಟ ಕಲ್ಲಲ್ಲ ಎಂಬುದು ಗೊತ್ತಾಗಲೇ ಇಲ್ಲ. ತೆಕ್ಲಾ ಅತ್ತೆ ಕೆಮ್ಮು ಬಂದವರಂತೆ ಮನೆಯೊಳಗೆ ಓಡಿದರು.

ಹಬ್ಬದ ದಿನ ಅಲ್ಫೋನ್ಸ್ ಮಾವ ಬೆಳಿಗ್ಗೆಯೇ ಒಲೆ ಹೊತ್ತಿಸಿದರು. ಮಧ್ಯಾಹ್ನದ ಹೊತ್ತಿಗೆ ಸೌನಾದ ಗೋಡೆಗಳಿಂದ ಟಾರಿನ ವಾಸನೆ ಬರುವಷ್ಟು ಕಾವೇರಿತ್ತು. ಗಂಡಸರು ಹೆಂಗಸರು ಒಟ್ಟಿಗೆ ಒಳಗೆ ಕೂರುವುದು ಆ ಒಂದು ಪರೀಕ್ಷೆಗೆ ಮಾತ್ರ. ಹಾಗಾಗಿ ಎಲ್ಲರೂ ಈಜುಡುಗೆ ಹಾಕಿಕೊಂಡು, ಒಬ್ಬರ ಹೊಟ್ಟೆ ಒಬ್ಬರು ನೋಡದವರಂತೆ ನಟಿಸುತ್ತ ಮೆಟ್ಟಿಲು ಬೆಂಚುಗಳ ಮೇಲೆ ಒತ್ತಿಕೊಂಡು ಕೂತೆವು. ಯಜಮಾನಿಕೆಗೆ ನಿಂತವರಿಬ್ಬರು ಒಲೆಯ ಪಕ್ಕದಲ್ಲೇ, ಮೇಲಿನ ಬೆಂಚಿನಲ್ಲಿ.

ಮೊದಲು ರುನಾರ್ ಸೌಟು ಎತ್ತಿದ. ಅವನ ಕರಿಕಲ್ಲು ಚೊಯ್ ಎಂದಿತು. ಒಳ್ಳೆಯ ಹಬೆ ಎದ್ದಿತು. ಒಳ್ಳೆಯ ಕಲ್ಲು ಅದು, ನಾನು ಸುಳ್ಳು ಹೇಳುವುದಿಲ್ಲ.

“ಈಗ ಗುನ್ನೆವಿ,” ಎಂದರು ಅಲ್ಫೋನ್ಸ್ ಮಾವ.

ನಾನು ಬಕೆಟ್ಟಿಗೆ ಸೌಟು ಅದ್ದಿದೆ. ರುನಾರ್ ಎದ್ದುನಿಂತ.

“ದೋಣಿ ಹಗ್ಗ ಸಡಿಲ ಬಿಟ್ಟು ಬಂದೆ ಅನ್ಸುತ್ತೆ. ಈಗ ಬಂದೆ.”

“ನಿನ್ನ ದೋಣಿ ದಡದ ಮೇಲಿದೆ ಕಣೋ. ಹಗ್ಗ ಬಿಚ್ಚಿದ್ರೆ ಹುಲ್ಲಲ್ಲಿ ಓಡಿಹೋಗುತ್ತಾ?” ಎಂದರು ತೆಕ್ಲಾ ಅತ್ತೆ.

“ಕೂತ್ಕೋ ರುನಾರ್,” ಎಂದರು ಮಾವ.

ರುನಾರ್ ಕೂತ. ಆದರೆ ಕೂತದ್ದು ಒಂದು ಮೆಟ್ಟಿಲು ಕೆಳಗೆ. ಕಾವಿಗೆ ತಲೆ ಸುಡದಿರಲೆಂದು ಹಾಕಿದ್ದ ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಇನ್ನೂ ಒಂದು ಮೆಟ್ಟಿಲು ಜಾರಿದ. ಟವೆಲ್ಲಿನಿಂದ ಕೆನ್ನೆ ಮುಚ್ಚಿಕೊಂಡ.

“ಏನೋ, ಚಳಿ ಆಗ್ತಿದೆಯಾ? ಸ್ವೆಟರ್ ತರಿಸ್ಲಾ?” ತೆಕ್ಲಾ ಅತ್ತೆ ಕೇಳಿದರು.

ನಾನು ಸೌಟು ಎತ್ತಿದೆ. ರುನಾರ್ ಧಡ್ಡನೆ ಎದ್ದು ಮೇಲೆ ಹತ್ತಿ ಬಂದು, ನನಗೂ ಒಲೆಗೂ ನಡುವೆ ನಿಂತು ತನ್ನ ಟವೆಲ್ಲನ್ನು ನನ್ನ ಮುಖದ ಮುಂದೆ ಹಿಡಿದ.

“ಹಾಕ್ಬೇಡ ಗುನ್ನೆವಿ! ಕಣ್ಣು ಹೋಗುತ್ತೆ! ಕಾಯೋವಾಗ್ಲೇ ಒಡೆದು ಪುಡಿಯಾಗುತ್ತೆ, ಎಲ್ರೂ ನಕ್ಕು ಸುಮ್ಮನಾಗ್ತಾರೆ ಅಂದ್ಕೊಂಡಿದ್ದೆ. ಹಾಳಾದ್ದು ಇನ್ನೂ ಹಾಗೇ ಕೂತಿದೆ. ಅದು ನಿನ್ನ ಕಲ್ಲಲ್ಲ. ನಾನು ಬದಲಾಯಿಸಿದ್ದೀನಿ. ಅದು ಬರೀ ಸುಣ್ಣ!”

ಬೆಂಚುಗಳಲ್ಲಿದ್ದವರು ಒಬ್ಬೊಬ್ಬರೇ ಬಾಗಿಲ ಕಡೆ ಸರಿದುಕೊಂಡರು.

ನನಗೆ ತೆಕ್ಲಾ ಅತ್ತೆ ಹೇಳಿಕೊಟ್ಟಿದ್ದ ಗಡಸು ಮಾತು ಒಂದಿತ್ತು. ಅದು ಆ ಕ್ಷಣಕ್ಕೆ ಮರೆತೇಹೋಯಿತು. ಕಾರಣ, ಅವನ ಹೆದರಿಕೆ ನನಗೂ ಅಂಟಿತು. ಒಂದೇ ಹನಿ ಹಾಕಿದ್ದೆನಲ್ಲ! ಕೊಟ್ಟಿಗೆಯ ಬಾಗಿಲಲ್ಲಿ ಯಾವ ಕಲ್ಲು ಯಾವುದಾಯಿತೋ? ತೆಕ್ಲಾ ಅತ್ತೆ ರಾತ್ರಿ ಇನ್ನೊಂದು ತಮಾಷೆ ಮಾಡಿದ್ದರೆ? ಅತ್ತೆಯ ಕಡೆ ನೋಡಿದೆ. ಅವರು ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಕೂತಿದ್ದರು. ಅದು ಇನ್ನೂ ಭಯ ಹುಟ್ಟಿಸಿತು.

ರುನಾರ್‌ನ ತೋಳಿನ ಸಂದಿಯಿಂದ ಇಣುಕಿ ಕಲ್ಲನ್ನು ನೋಡಿದೆ. ಕೈಗಳ ಮಾಸಲು ಸುಟ್ಟುಹೋಗಿ ಅದು ಶುಭ್ರವಾಗಿತ್ತು. ಬೊಟ್ಟು ಕರಕಲಾಗಿತ್ತು. ಸುಣ್ಣವಾಗಿದ್ದರೆ ಮೈ ಹಿಟ್ಟುಹಿಟ್ಟಾಗಬೇಕಿತ್ತು. ಇದರ ಒಡೆದ ಮುಖದಲ್ಲಿ ಸೂಜಿಗಳು ಸಾಲಾಗಿ, ಬಾಚಿದ ಕೂದಲಿನ ಹಾಗೆ ಮಲಗಿದ್ದವು. ಕಿಟಕಿಯ ಬೆಳಕು ಅವುಗಳ ಮೇಲೆ ಹರಿಯುತ್ತಿತ್ತು. ಮೊದಲು ಏನಿತ್ತು, ಏನು ಬಂತು, ಏನು ಹೋಯಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೋಗಬೇಕಾದದ್ದು ನಾವು ಯಾರೂ ಹುಟ್ಟುವ ಮೊದಲೇ ಹೋಗಿತ್ತು.

“ಸ್ವಲ್ಪ ಸರಿ, ರುನಾರ್,” ಅಂದೆ.

ಅವನು ಸರಿಯಲಿಲ್ಲ. ಕಣ್ಣು ಮುಚ್ಚಿ ಟವೆಲ್ ಹಿಡಿದೇ ನಿಂತಿದ್ದ. ಹಾಗಾಗಿ ಅವನ ಪಕ್ಕದಿಂದ ಕೈ ಚಾಚಿ ಸುರಿದೆ.

ಚೊಯ್ಯ್ ಎಂದಿತು. ಹಬೆ ಎದ್ದು ಮಾಡಿಗೆ ತಾಗಿ, ನಿಧಾನವಾಗಿ ಇಳಿದು ಎಲ್ಲರ ಬೆನ್ನ ಮೇಲೆ ಕೂತಿತು. ಸಿಡಿಯಲಿಲ್ಲ, ಒಡೆಯಲಿಲ್ಲ. ರುನಾರ್ ಒಂದು ಕಣ್ಣು ಬಿಟ್ಟ. ಆಮೇಲೆ ಇನ್ನೊಂದು.

“ನಿನ್ನ ಸುಣ್ಣ ನಿನ್ನ ಕೊಟ್ಟಿಗೆ ಬಾಗಿಲಲ್ಲೇ ಇದೆ ಕಣೋ,” ಎಂದರು ತೆಕ್ಲಾ ಅತ್ತೆ. “ನಿನ್ನೆಯಿಂದ ಅದನ್ನ ದಾಟ್ಕೊಂಡೇ ಓಡಾಡ್ತಿದ್ದೀಯ.”

ಆಮೇಲೆ ಎದ್ದ ನಗುವಿಗೆ ನನ್ನ ಕಿವಿ ಗುಂಯ್ ಎಂದಿತು. ಅಲ್ಫೋನ್ಸ್ ಮಾವ ಪಕ್ಕದವರಿಂದ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡು, ಎಲ್ಲರೂ ಮುಗಿಸಿದ ಮೇಲೆ ಒಬ್ಬರೇ ನಕ್ಕರು. ನಗು ಮುಗಿಸಿ ಗಂಟಲು ಸರಿಮಾಡಿಕೊಂಡರು.

“ಎರಡು ಕಲ್ಲೂ ನಿಂತಿವೆ. ರುನಾರ್ ಮೋಸ ಮಾಡಿದ, ಸರಿ. ಅಡ್ಡ ಬಂದೂ ನಿಂತ, ಅದೂ ಸರಿ. ಆದ್ರೆ ತಾನಿಟ್ಟ ಕಲ್ಲನ್ನ ತಾನೇ ಗುರುತು ಹಿಡಿಯದವನ ಕೈಗೆ ಒಲೆ ಕೊಟ್ಟು ನಾನು ಹೇಗೆ ಬಂದು ಕೂರಲಿ? ತಗೋ ಗುನ್ನೆವಿ.”

ಬೀಗದ ಕೈ ಕಾದು ಕೆಂಡವಾಗಿತ್ತು. ಹಾಗೆಂದು ಕೆಳಗೆ ಹಾಕಲಿಲ್ಲ, ಈ ಕೈಯಿಂದ ಆ ಕೈಗೆ ಹಾರಿಸುತ್ತ ಹಿಡಿದುಕೊಂಡೆ.

“ರುನಾರ್, ಸೋಮವಾರ ಒಲೆಯ ಕಲ್ಲೆಲ್ಲ ಇಳಿಸಬೇಕು,” ಅಂದೆ. “ಹೊಸದಾಗಿ ಸೇರಿಸೋ ಒಂದೊಂದನ್ನೂ ಒಡೆದು ವಿನಿಗರ್ ಹಾಕಿ ನೋಡಬೇಕು. ನಿನ್ನ ಸುತ್ತಿಗೆ ತಗೊಂಡು ಬರ್ತೀಯಾ?”

“ಒಂದೊಂದನ್ನೂ?”

“ಎರಡೆರಡು ಸಲ.”

ಮುಂದಿನ ಶನಿವಾರ ನಾವು ಹೆಂಗಸರು ಮೊದಲು ಹೋದೆವು. ತೆಕ್ಲಾ ಅತ್ತೆ ಮೇಲಿನ ಬೆಂಚಿನಲ್ಲಿ ಬಿಳಿ ಕಲ್ಲಿನ ಪಕ್ಕ ಕೂತು, ಕೈಗಳನ್ನು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ಮೂರನೇ ಸೌಟಿನ ಹೊತ್ತಿಗೆ ಅವರ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಅತ್ತೆ ನನ್ನ ಕೈಯಿಂದ ಸೌಟನ್ನು ಕಿತ್ತುಕೊಂಡು ನಾಲ್ಕನೆಯದನ್ನು ತಾವೇ ಹಾಕಿದರು.

ಹೊರಗೆ ಜಗುಲಿಯ ಮೇಲೆ ಗಂಡಸರು ಕಾಲು ಬದಲಿಸುತ್ತ ನಿಂತಿರುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಯಾರೋ ಬಾಗಿಲು ತಟ್ಟಿದರು.

“ಕಾವು ಉಳಿದಿದೆಯಾ?” ರುನಾರ್‌ನ ಧ್ವನಿ.

ತೆಕ್ಲಾ ಅತ್ತೆ ನನ್ನನ್ನು ನೋಡಿ ಕಣ್ಣು ಮಿಟುಕಿಸಿ, ಬಕೆಟ್ಟಿನಲ್ಲಿ ಉಳಿದ ನೀರನ್ನೆಲ್ಲ ಕಲ್ಲುಗಳ ಮೇಲೆ ಸುರಿದರು.

“ಬೇಕಾದಷ್ಟು!” ಎಂದು ಕೂಗಿದರು.